ಗೇರು ಇಳಿಸುವಾಗ ಕೊಡುವ ಆ ಒಂದು ರೇಸ್

ಕಳೆದ ವಾರ ಗೆಳೆಯರೊಬ್ಬರು ಹೊಸ ಹೋಂಡಾ ಸಿವಿಕ್ ಟೈಪ್ ಆರ್ ಕಾರನ್ನು ನಮ್ಮ ಮನೆಗೆ ತಂದು ತೋರಿಸಿದರು. ಇಲ್ಲಿ ಬೇ ಏರಿಯಾದಲ್ಲಿ ಎಲ್ಲರೂ ಎಲೆಕ್ಟ್ರಿಕ್ ಕಾರು ಕೊಳ್ಳುತ್ತಿರುವ ಕಾಲದಲ್ಲಿ ಕ್ಲಚ್ ಇರುವ ಕಾರನ್ನು ಹುಡುಕಿ ಕೊಂಡಿದ್ದಾರೆ ಎಂದು ನನಗೆ ತುಂಬಾ ಸಂತೋಷವಾಯಿತು. "ಗೇರು ಇಳಿಸುವಾಗ ರೇಸ್ ಕೊಡುವ ಕೆಲಸವನ್ನು ಇದೇ ಮಾಡಿಕೊಳ್ಳುತ್ತದೆ, ನಮಗೇನೂ ಕಷ್ಟವಿಲ್ಲ" ಎಂದರು. ಅಲ್ಲಿ ಮಾತ್ರ ನನಗೆ ಸುಮ್ಮನಿರಲು ಆಗಲಿಲ್ಲ. ದಯವಿಟ್ಟು ಅದನ್ನು ಆಫ್ ಮಾಡಿಡಿ, ಕಾಲು ಕಲಿಯುವ ತನಕವಾದರೂ ಆಫ್ ಮಾಡಿಡಿ ಎಂದೆ. ಯಾಕೆ ಎಂದು ಕೇಳಿದರು. ಆಗ ನಿಂತಲ್ಲೇ ಹೇಳಿ ಮುಗಿಸಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನದು ಮಜ್ದಾ ಎಂಎಕ್ಸ್-5, ಎಂಜಿನ್ ಹಿಂದಿನ ಚಕ್ರಗಳನ್ನು ತಿರುಗಿಸುವ ಪುಟ್ಟ ಸ್ಪೋರ್ಟ್ಸ್ ಕಾರು. ಅದರ ಮೂರನೇ ಗೇರಿನ ಅನುಪಾತ 2.035, ಎರಡನೆಯದು 2.991; ಈ ಸಂಖ್ಯೆ ದೊಡ್ಡದಾದಷ್ಟೂ ಅದೇ ವೇಗಕ್ಕೆ ಎಂಜಿನ್ ಹೆಚ್ಚು ಸುತ್ತು ತಿರುಗಬೇಕು. ಮೂರರಲ್ಲಿ ಎಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗುತ್ತಿದ್ದರೆ, ಅದೇ ವೇಗದಲ್ಲಿ ಎರಡಕ್ಕೆ ಇಳಿಸಿದಾಗ ಅದು ಸುಮಾರು 5900 ಸುತ್ತು ತಿರುಗಬೇಕು. ಆ 1900 ಸುತ್ತುಗಳನ್ನು ಯಾರಾದರೂ ತುಂಬಿಕೊಡಲೇಬೇಕು. ಕ್ಲಚ್ ಒತ್ತಿರುವ ಅರೆಗಳಿಗೆಯಲ್ಲಿ ನಾವು ಆಕ್ಸಿಲರೇಟರಿಗೆ ಒಂದು ಪೆಟ್ಟು ಕೊಟ್ಟರೆ ಎಂಜಿನ್ ತಾನೇ ಆ ಮಟ್ಟಕ್ಕೆ ಏರುತ್ತದೆ. ಕೊಡದೆ ಕ್ಲಚ್ ಬಿಟ್ಟರೆ ಎಂಜಿನ್ನನ್ನು ಎಳೆದು ಎಬ್ಬಿಸುವ ಕೆಲಸ ಚಕ್ರಗಳ ಪಾಲಿಗೆ ಬರುತ್ತದೆ.

ಚಕ್ರಗಳ ಪಾಲಿಗೆ ಬಂದರೆ ಏನಾಗುತ್ತದೆ ಎಂಬುದನ್ನು ನಾನು ಕ್ಯಾಲಿಫೋರ್ನಿಯಾದ ಲಗೂನಾ ಸೆಕಾ ರೇಸ್ ಟ್ರ್ಯಾಕಿನಲ್ಲಿ ಕಂಡಿದ್ದೇನೆ. ಅಲ್ಲಿನ ಕೊನೆಯ ತಿರುವು, ಹನ್ನೊಂದನೆಯದು, ಎಡಕ್ಕೆ ಬಿಗಿಯಾಗಿ ಮಡಚಿಕೊಳ್ಳುತ್ತದೆ. ಗಟ್ಟಿಯಾಗಿ ಬ್ರೇಕ್ ಒತ್ತಿದ್ದರಿಂದ ಕಾರಿನ ಭಾರವೆಲ್ಲ ಮುಂದಿನ ಚಕ್ರಗಳ ಮೇಲೆ ಬಿದ್ದಿತ್ತು, ಹಿಂಭಾಗ ಹಗುರವಾಗಿತ್ತು. ಅವಸರದಲ್ಲಿ ರೇಸ್ ಕೊಡದೆ ಎರಡಕ್ಕೆ ಇಳಿಸಿ ಕ್ಲಚ್ ಬಿಟ್ಟೆ. ಹಿಂದಿನ ಚಕ್ರಗಳು ಗಕ್ಕನೆ ನಿಂತಂತಾಗಿ ಜಾರಿದವು. ಮರುಗಳಿಗೆಯಲ್ಲಿ ನಾನು ಬಂದ ದಾರಿಯನ್ನೇ ನೋಡುತ್ತಾ ಕುಳಿತಿದ್ದೆ, ಸುತ್ತ ಟೈರಿನ ಹೊಗೆ. ಹಿಂದೆ ಯಾರೂ ಇರಲಿಲ್ಲ, ಅದು ಪುಣ್ಯ.

ಬ್ರೇಕಿನ ಮೇಲೆ ಬಲಗಾಲು ಇರುವಾಗಲೇ ರೇಸ್ ಕೊಡಬೇಕಾದಾಗ ಬೇಕಾಗುವುದು ಹೀಲ್ ಆ್ಯಂಡ್ ಟೋ. ಹೆಸರಿನಲ್ಲಿ ಹಿಮ್ಮಡಿ ಇದ್ದರೂ ಈಗಿನ ಬಹಳಷ್ಟು ಕಾರುಗಳಲ್ಲಿ ಕೆಲಸ ಮಾಡುವುದು ಪಾದದ ಬಲ ಅಂಚು. ಹೆಬ್ಬೆರಳ ಬುಡದಿಂದ ಬ್ರೇಕನ್ನು ಒತ್ತಿ ಹಿಡಿದಿರಬೇಕು, ಕಣಕಾಲನ್ನು ತುಸು ಹೊರಳಿಸಿ ಕಿರುಬೆರಳ ಕಡೆಯಿಂದ ಆಕ್ಸಿಲರೇಟರನ್ನು ಮುಟ್ಟಬೇಕು. ಆ ಹೊರಳಿಕೆಯಲ್ಲಿ ಬ್ರೇಕಿನ ಒತ್ತಡ ಕೂದಲೆಳೆಯಷ್ಟೂ ಏರಿಳಿಯಬಾರದು. ಕಷ್ಟವಿರುವುದು ಇಲ್ಲಿಯೇ. ಊರೊಳಗೆ ಮೆಲ್ಲಗೆ ಬ್ರೇಕ್ ಒತ್ತುವಾಗ ಇದನ್ನು ಮಾಡಲು ಹೋದರೆ ಕಾಲು ಎಟುಕುವುದಿಲ್ಲ, ಏಕೆಂದರೆ ಆಗ ಬ್ರೇಕ್ ಪೆಡಲ್ ಇನ್ನೂ ಮೇಲೆಯೇ ಇರುತ್ತದೆ. ಗಟ್ಟಿಯಾಗಿ ಒತ್ತಿದಾಗ ಎರಡು ಪೆಡಲುಗಳೂ ಸಮಕ್ಕೆ ಬರುತ್ತವೆ. ಫಾರ್ಮುಲಾ ಒನ್ ಚಾಂಪಿಯನ್ ಐರ್ಟನ್ ಸೆನ್ನಾ ಜಪಾನಿನ ಸುಜುಕಾ ಟ್ರ್ಯಾಕಿನಲ್ಲಿ ಹೋಂಡಾ ಎನ್‌ಎಸ್‌ಎಕ್ಸ್ ಓಡಿಸುತ್ತಿರುವ ವಿಡಿಯೊದಲ್ಲಿ ಕ್ಯಾಮೆರಾ ಅವರ ಪಾದಗಳನ್ನೇ ತೋರಿಸುತ್ತದೆ. ಬಿಳಿ ಕಾಲುಚೀಲ, ಸಾದಾ ಲೋಫರ್ ಶೂ. ಕಾರು ಸಿಡಿಲಿನಂತೆ ಓಡುತ್ತಿದ್ದರೂ ಆ ಕಾಲುಗಳಲ್ಲಿ ಗಡಿಬಿಡಿಯೇ ಇಲ್ಲ.

ಈ ವಿದ್ಯೆಯ ಮೂಲರೂಪವನ್ನು ನಾನು ಮೊದಲು ಕೇಳಿದ್ದು ಶಿರಾಡಿ ಘಾಟಿಯಲ್ಲಿ, ಸೋದರಮಾವನ ಲಾರಿಯಲ್ಲಿ. ಹಳೆಯ ಗಾಡಿ, ಸಿಂಕ್ರೊ (ಗೇರು ಬೀಳುವಾಗ ಒಳಗಿನ ಭಾಗಗಳ ವೇಗವನ್ನು ತಾನೇ ಹೊಂದಿಸುವ ಉಂಗುರ) ಇಲ್ಲದ ಗೇರ್‌ಬಾಕ್ಸ್. ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಒಂದು ರೇಸ್, ಮತ್ತೆ ಕ್ಲಚ್ ಒತ್ತಿ ಗೇರು. ಇದಕ್ಕೆ ಡಬಲ್ ಕ್ಲಚ್ ಎನ್ನುತ್ತಿದ್ದರು. "ಮೀಟರ್ ನೋಡಬೇಡ, ಕಿವಿ ಕೊಡು. ಎಂಜಿನ್ನೇ ಹೇಳುತ್ತದೆ" ಎನ್ನುತ್ತಿದ್ದರು ಮಾವ. ತುಂಬಿದ ಲೋಡಿನಲ್ಲಿ ಗೇರು ಬೀಳದೆ ನ್ಯೂಟ್ರಲ್ಲಿನಲ್ಲೇ ಉಳಿದರೆ ಇಳಿಜಾರಿನಲ್ಲಿ ಗತಿಯೇನು ಎಂಬುದು ಅವರಿಗೆ ಗೊತ್ತಿತ್ತು.

ಒಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿ ತಿದ್ದಬೇಕು. ರೆವ್ ಮ್ಯಾಚ್ ಮಾಡಿದರೆ, ಅಂದರೆ ಹೀಗೆ ರೇಸ್ ಕೊಟ್ಟು ಎಂಜಿನ್ನಿನ ವೇಗ ಹೊಂದಿಸಿದರೆ, ಸಿಂಕ್ರೊ ಸವೆಯದೆ ಉಳಿಯುತ್ತದೆ ಎಂದು ಅನೇಕರು ಹೇಳುತ್ತಾರೆ. ಕ್ಲಚ್ ಒತ್ತಿಕೊಂಡೇ ರೇಸ್ ಕೊಟ್ಟರೆ ಎಂಜಿನ್ ಮಾತ್ರ ಏರುತ್ತದೆ, ಗೇರ್‌ಬಾಕ್ಸಿನ ಒಳಗಿನ ಶಾಫ್ಟಿಗೆ ಅದು ತಲುಪುವುದೇ ಇಲ್ಲ. ಶಾಫ್ಟನ್ನು ವೇಗಕ್ಕೆ ತರುವ ಕೆಲಸ ಆಗಲೂ ಸಿಂಕ್ರೊದ್ದೇ. ಉಳಿಯುವುದು ಕ್ಲಚ್ ಪ್ಲೇಟು, ಟೈರಿನ ಹಿಡಿತ, ಕಾರಿನ ಸಮತೋಲ. ಸಿಂಕ್ರೊ ಉಳಿಸಬೇಕೆಂದರೆ ಮಾವನ ಡಬಲ್ ಕ್ಲಚ್ಚೇ ಬೇಕು. 1928ರಲ್ಲಿ ಕ್ಯಾಡಿಲಾಕ್ ಸಿಂಕ್ರೊ ಗೇರ್‌ಬಾಕ್ಸ್ ತಂದ ಮೇಲೆ ಕಾರು ಓಡಿಸುವವರಿಗೆ ಕ್ರಮೇಣ ಆ ಅಗತ್ಯ ತಪ್ಪಿತು.

ನಿಸ್ಸಾನ್ ತನ್ನ 2009ರ 370ಝೆಡ್ ಕಾರಿನಲ್ಲಿ ಮೊದಲ ಬಾರಿಗೆ ಈ ರೇಸ್ ಕೊಡುವ ಕೆಲಸವನ್ನು ಕಂಪ್ಯೂಟರಿಗೆ ವಹಿಸಿತು. ಅದು ನಮಗಿಂತ ಕರಾರುವಾಕ್ಕಾಗಿ ಮಾಡುತ್ತದೆ, ಒಪ್ಪುತ್ತೇನೆ. ಟ್ರ್ಯಾಕಿನಲ್ಲಿ ಸಮಯದ ಲೆಕ್ಕವೇ ಮುಖ್ಯ ಎನ್ನುವವರು ಬಳಸಲಿ. ಆದರೆ ಸಮಯವೇ ಮುಖ್ಯವಾದರೆ ಕ್ಲಚ್ ಪೆಡಲೇ ಇಲ್ಲದೆ ತಾನೇ ಗೇರು ಬದಲಿಸುವ ಡ್ಯುಯಲ್ ಕ್ಲಚ್ ಆಟೋಮ್ಯಾಟಿಕ್ ಇನ್ನೂ ವೇಗವಾಗಿದೆ. ಕ್ಲಚ್ ಎಂಬ ಮೂರನೇ ಪೆಡಲನ್ನು ಹುಡುಕಿ, ಹಣ ಕೊಟ್ಟು ಮನೆಗೆ ತಂದವರು ಅದರ ಅತ್ಯಂತ ಸೊಗಸಾದ ಕೆಲಸವನ್ನೇ ಯಂತ್ರಕ್ಕೆ ಬಿಟ್ಟುಕೊಡುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಕಾಲು, ಕಿವಿ, ಕೈ ಮೂರೂ ಒಂದೇ ಗಳಿಗೆಯಲ್ಲಿ ಸೇರಿ, ಗೇರು ಬಿದ್ದದ್ದೇ ತಿಳಿಯದಂತೆ ಕಾರು ತಿರುವಿಗೆ ಹೊರಳುವ ಆ ಅನುಭವಕ್ಕಾಗಿಯೇ ಅಲ್ಲವೇ ಈ ಕಾರು ಕೊಂಡದ್ದು?

ಗೆಳೆಯರು ಒಪ್ಪಿದ್ದಾರೆ. ಭಾನುವಾರ ಬೆಳಿಗ್ಗೆ ಆರಕ್ಕೆ, ಖಾಲಿ ಪಾರ್ಕಿಂಗ್ ಜಾಗದಲ್ಲಿ ಶುರು ಮಾಡುತ್ತೇವೆ. ಮೊದಲು ಕಾರು ನಿಲ್ಲಿಸಿಕೊಂಡು ರೇಸ್ ಮಾತ್ರ, ಆಮೇಲೆ ಬ್ರೇಕ್ ಇಲ್ಲದೆ ಮೂರರಿಂದ ಎರಡಕ್ಕೆ. ದಪ್ಪ ಅಡಿಯ ಓಟದ ಶೂ ಬೇಡ, ಪೆಡಲ್ ಕಾಲಿಗೆ ತಿಳಿಯುವಂಥ ತೆಳು ಅಡಿಯದ್ದನ್ನು ಹಾಕಿಕೊಂಡು ಬನ್ನಿ ಎಂದಿದ್ದೇನೆ.