ಮೊದಲು ಸಮಿತಿಯ ಕೆಲಸ ಏನೆಂದು ಹೇಳಿ, ಚರ್ಚೆ ಆಮೇಲೆ

ಅಮೆರಿಕದ ಶಾಲೆಗಳಲ್ಲಿ ಮಕ್ಕಳೇ ಸಂಸದರಾಗಿ ಆ ದೇಶದ ಸಂಸತ್ತನ್ನು ನಡೆಸಿ ನೋಡುವ ಅಣಕು ಕಾಂಗ್ರೆಸ್‌ನಲ್ಲಿ ನ್ಯಾಯಾಂಗ ಸಮಿತಿಗೆ ಬಂದ ಮಕ್ಕಳನ್ನು ನೇರವಾಗಿ ಚರ್ಚೆಗೆ ಇಳಿಸಿ ಎನ್ನುತ್ತದೆ ಒಂದು ಲೇಖನ. ಎಡವಟ್ಟಾಗುವುದು ಅಲ್ಲೇ. ಹೆಸರು ಕೇಳಿದ ಕೂಡಲೇ ಮಕ್ಕಳು ಇದನ್ನು ಕೋರ್ಟು ಅಂದುಕೊಂಡು ಆರೋಪಿ, ತೀರ್ಪು ಅಂತ ಶುರುಮಾಡುತ್ತಾರೆ. ಅಸಲಿ ನ್ಯಾಯಾಂಗ ಸಮಿತಿ, ಅಂದರೆ ಸಂಸತ್ತಿನ ಕೆಳಮನೆಯಲ್ಲಿ 1813ರಲ್ಲಿ ರಚನೆಯಾದ ಹೌಸ್ ಜುಡಿಷಿಯರಿ ಕಮಿಟಿ, ತೀರ್ಪು ಕೊಡುವುದಿಲ್ಲ. ವಲಸೆ, ಕಾಪಿರೈಟ್, ಕ್ರಿಮಿನಲ್ ಕಾನೂನು, ಸಂವಿಧಾನ ತಿದ್ದುಪಡಿ ಇಂಥ ಮಸೂದೆಗಳನ್ನು ಪರಿಶೀಲಿಸಿ, ತಿದ್ದಿ ಸದನಕ್ಕೆ ಕಳಿಸುತ್ತದೆ. ನ್ಯಾಯಾಧೀಶರ ನೇಮಕಕ್ಕೆ ಒಪ್ಪಿಗೆ ಕೊಡುವುದು ಮೇಲ್ಮನೆಯಾದ ಸೆನೆಟ್ ಕೆಲಸ, ಅದನ್ನು ಇಲ್ಲಿಗೆ ಎಳೆಯಬೇಡಿ.

ಅಭ್ಯಾಸಕ್ಕೆ ಎರಡು ಪುಟದ ಮಸೂದೆ ಸಾಕು, ಆದರೆ ಪ್ರತಿ ಸಾಲಿಗೂ ನಂಬರ್ ಇರಲೇಬೇಕು. "ಪುಟ 2, ಸಾಲು 7ರಲ್ಲಿ '30 ದಿನ' ತೆಗೆದು '60 ದಿನ' ಸೇರಿಸುವುದು" ಎಂದು ತಿದ್ದುಪಡಿ ಬರಹದಲ್ಲೇ ಬರಲಿ. ಬರೀ ಬಾಯಲ್ಲಿ ಹೇಳಿದರೆ ಕೈ ಎತ್ತುವ ಹೊತ್ತಿಗೆ ಯಾವುದಕ್ಕೆ ಮತ ಎಂದೇ ಯಾರಿಗೂ ಗೊತ್ತಿರುವುದಿಲ್ಲ. ಒಬ್ಬರಿಗೆ ಮಾತಾಡಲು 5 ನಿಮಿಷ ಎಂಬುದು ಅಸಲಿ ಸಮಿತಿಯ ನಿಯಮ. 40 ನಿಮಿಷದ ತರಗತಿಯಲ್ಲಿ 1 ನಿಮಿಷ ಕೊಡಿ.

ಇನ್ನೊಂದು, ಸಂವಿಧಾನ ತಿದ್ದುಪಡಿಗೆ ಸಮಿತಿಯಲ್ಲೂ ಮೂರನೇ ಎರಡರಷ್ಟು ಬಹುಮತ ಬೇಕು ಅಂತ ಹೇಳಿಕೊಡಬೇಡಿ. ಅದು ಬೇಕಿರುವುದು ಸದನದಲ್ಲಿ. ಸಮಿತಿಗೆ ಸರಳ ಬಹುಮತ ಸಾಕು. ಆದರೆ ಮಸೂದೆ ಕಳಿಸುವ ಮತದಾನದ ವೇಳೆ ಅರ್ಧಕ್ಕಿಂತ ಹೆಚ್ಚು ಸದಸ್ಯರು ಹಾಜರಿರಲೇಬೇಕು.