ಆ 19 ಸಾವಿನ ಬಗ್ಗೆ ಒಂದು ಮಾತು

ಪ್ಲೇಗ್ ಲಸಿಕೆ ಕಂಡುಹಿಡಿದ ವಿಜ್ಞಾನಿ ಹಾಫ್‌ಕಿನ್ ಹೆಸರಿನ ಮುಂಬೈನ ಸಂಸ್ಥೆ ಬಗ್ಗೆ ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ. ಆದರೆ 1902ರ ಮುಲ್ಕೋವಾಲ್ ಘಟನೆಯನ್ನು 'ಲಸಿಕೆಯಿಂದ 19 ಸಾವು' ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದು ಸರಿಯಲ್ಲ. ಪಂಜಾಬಿನ ಆ ಹಳ್ಳಿಯಲ್ಲಿ ಸತ್ತ 19 ಜನಕ್ಕೂ ಚುಚ್ಚಿದ್ದು ಒಂದೇ ಬಾಟಲಿಯ ಲಸಿಕೆ. ಸಾವಿಗೆ ಕಾರಣ ಧನುರ್ವಾಯು. ಬಾಟಲಿ ತೆರೆಯುವಾಗ ಚಿಮಟ ನೆಲಕ್ಕೆ ಬಿದ್ದಿತ್ತು, ಅದನ್ನು ಬೆಂಕಿಯಲ್ಲಿ ಕಾಯಿಸದೆ ಬಳಸಿದ್ದರು. ತಪ್ಪು ಮಾತ್ರ ಹಾಫ್‌ಕಿನ್ ತಲೆಗೆ ಬಂತು! 1897ರಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡು ನೋಡಿದ ಮನುಷ್ಯ ಆತ. ಆರೋಪದಿಂದ ಬಿಡುಗಡೆ ಆಗಲು 1907ರವರೆಗೆ ಕಾಯಬೇಕಾಯಿತು.

ಇನ್ನು ನಮ್ಮ ಬೆಂಗಳೂರು. 1898ರಲ್ಲಿ ಪ್ಲೇಗ್ ಇಲ್ಲಿಗೂ ಬಂತು. ಪೇಟೆಯ ಇಕ್ಕಟ್ಟು ಬಿಟ್ಟು ಜನ ಹೊರಗೆ ಹೋಗಲಿ ಅಂತ ಬಸವನಗುಡಿ, ಮಲ್ಲೇಶ್ವರಂ ಬೆಳೆದವು. ತಿರುವಾಂಕೂರಿನಲ್ಲಿ ಜಾತಿ ಕಾರಣಕ್ಕೆ ಕೆಲಸ ಸಿಗದ ಡಾ. ಪಲ್ಪು ಆಗ ಮೈಸೂರು ಸರ್ಕಾರದ ವೈದ್ಯರಾಗಿ ಇಲ್ಲೇ ದುಡಿದರು. ಅವರ ಬಗ್ಗೆಯೂ ಒಂದು ಲೇಖನ ಬರೆಯಿರಿ ಸಾರ್. ಪ್ಲೇಗಮ್ಮನ ಗುಡಿಗಳು ಇವತ್ತೂ ಇವೆ, ಆದರೆ ಪಲ್ಪು ಹೆಸರು ಕೇಳಿದವರು ಎಷ್ಟು ಜನ ಇದ್ದಾರೆ, ಅಲ್ವಾ?