ಲಾಗ್ ಫೈಲ್ ಕೇಳಿದರೆ ಫೋಟೋ ಕಳಿಸುವ ಮಹಾನುಭಾವರಿಗೆ

"ಮಗಾ, ವರ್ಕ್ ಆಗ್ತಿಲ್ಲ."

ಇಷ್ಟೇ ಮೆಸೇಜ್. ಏನು ವರ್ಕ್ ಆಗ್ತಿಲ್ಲ, ಎಲ್ಲಿ ನಿಂತಿತು, ಏನು ಮಾಡಿದ ಮೇಲೆ ನಿಂತಿತು, ಒಂದೂ ಇಲ್ಲ. ಜೊತೆಗೊಂದು ಫೋಟೋ. ಸ್ಕ್ರೀನ್‌ಶಾಟ್ ಅಲ್ಲ, ಮಾನಿಟರ್ ಮುಂದೆ ಮೊಬೈಲ್ ಓರೆಯಾಗಿ ಹಿಡಿದು ತೆಗೆದದ್ದು. ಅದರಲ್ಲಿ ಕಾಣುವುದು ಕಪ್ಪು ಪರದೆ, ಅದರ ಮೇಲೆ ಟ್ಯೂಬ್‌ಲೈಟ್ ಬೆಳಕು, ಮೂಲೆಯಲ್ಲಿ ಕಳಿಸಿದವನ ಹೆಬ್ಬೆರಳು. ನಾನು ಕೇಳುವುದು ಲಾಗ್ ಫೈಲ್, ಅಂದರೆ ಓಡುವಾಗ ಏನೇನಾಯಿತು ಅಂತ ಪ್ರೋಗ್ರಾಂ ತಾನೇ ಬರೆದಿಡುವ ಫೈಲು. ಈ ಫೋಟೋ ನೋಡಿಕೊಂಡು ನಾನೇನು ಕವಡೆ ಹಾಕಿ ಹೇಳಬೇಕಾ?

ವಿಷಯ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಫೈನಲ್ ಫ್ಯಾಂಟಸಿ 7 ಅನ್ನುವ ಆಟ 1997ರಲ್ಲಿ ಪ್ಲೇಸ್ಟೇಷನ್‌ಗೆ ಬಂತು, 1998ರಲ್ಲಿ ಪಿಸಿಗೆ ಬಂತು. ಎಂಟನೆಯದು 2000ದಲ್ಲಿ ಪಿಸಿಗೆ ಬಂತು. ಎರಡೂ ವಿಂಡೋಸ್ 95, 98ರ ಕಾಲದ ಪ್ರೋಗ್ರಾಂಗಳು. 2013ರಲ್ಲಿ ಸ್ಟೀಮ್ ಅನ್ನುವ ಆನ್‌ಲೈನ್ ಆಟದಂಗಡಿಗೂ ಬಂದವು, ಆದರೆ ಒಳಗಿನ ಸಾಮಾನು ಹೆಚ್ಚುಕಡಿಮೆ ಅದೇ ಹಳೆಯದು. ಅದನ್ನು ಈಗಿನ ಕಂಪ್ಯೂಟರಿನಲ್ಲಿ ಚೆನ್ನಾಗಿ ಓಡಿಸಲಿಕ್ಕೆ ಎಫ್‌ಎಫ್‌ಎನ್‌ಎಕ್ಸ್ ಅಂತ ಒಂದು ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿಟ್ಟ) ಡ್ರೈವರ್ ಇದೆ. ಅದು ಆಟಕ್ಕೂ ಗ್ರಾಫಿಕ್ಸ್ ಕಾರ್ಡಿಗೂ ನಡುವೆ ಕೂರುತ್ತದೆ. ಆಟ "ಇದನ್ನು ತೆರೆಯ ಮೇಲೆ ತೋರಿಸು" ಅಂದರೆ ಅದನ್ನು ಹಿಡಿದು ಡೈರೆಕ್ಟ್‌ಎಕ್ಸ್ 11, 12, ವಲ್ಕನ್ ಅಥವಾ ಓಪನ್‌ಜಿಎಲ್ ಅನ್ನುವ ಗ್ರಾಫಿಕ್ಸ್ ವ್ಯವಸ್ಥೆಗಳ ಮೂಲಕ ತೋರಿಸುತ್ತದೆ. ಮಾಡ್ (ಆಟವನ್ನು ಬದಲಿಸಲಿಕ್ಕೆ ಅಭಿಮಾನಿಗಳು ಮಾಡಿದ ಫೈಲು) ಹಾಕಿದ್ದರೆ ಮಸುಕಾದ ಹಳೆಯ ಚಿತ್ರದ ಬದಲು ಹೊಸದನ್ನು ಹಾಕುತ್ತದೆ, ಕಂಪ್ಯೂಟರೇ ಸ್ವರ ಜೋಡಿಸಿ ನುಡಿಸುವ ಮಿಡಿ ಸಂಗೀತದ ಬದಲು ನಿಜವಾದ ವಾದ್ಯಗಳ ಸಂಗೀತ ನುಡಿಸುತ್ತದೆ. ಮೂಲ ಆಟದ ಯುದ್ಧದ ದೃಶ್ಯ ಸೆಕೆಂಡಿಗೆ 15 ಫ್ರೇಮ್, ಅಂದರೆ 15 ಚಿತ್ರ ಮಾತ್ರ. ಅದನ್ನೂ 60ಕ್ಕೆ ಏರಿಸುತ್ತದೆ. ಬೇರೆಯವರ ಆಟದ ಕೋಡ್ ಕೈಯಲ್ಲಿಲ್ಲದೆ, ಬರೀ ಓಡುತ್ತಿರುವ ಪ್ರೋಗ್ರಾಂ ನೋಡಿ ನೋಡಿ ಇದನ್ನೆಲ್ಲ ಮಾಡಿದ್ದಾರೆ. ಒಂದು ಪೈಸೆ ಕೇಳುವುದಿಲ್ಲ. ಲೈಸೆನ್ಸ್ ಜಿಪಿಎಲ್ 3, ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು ಅನ್ನುವಂಥದ್ದು. ಯಾವ ಗ್ಯಾರಂಟಿಯೂ ಇಲ್ಲ ಅಂತ ಅದರಲ್ಲೇ ಬರೆದಿದೆ.

ನಾನು ಅದನ್ನು ಬರೆದವನಲ್ಲ. ನಾನು ಬರೀ ನಮ್ಮ ಗುಂಪಿನಲ್ಲಿ ಅದನ್ನು ಮೊದಲು ಹಾಕಿಕೊಂಡವನು. ಅಷ್ಟಕ್ಕೇ ಇಡೀ ಗುಂಪಿನ ಕಸ್ಟಮರ್ ಕೇರ್ ಆಗಿಬಿಟ್ಟಿದ್ದೇನೆ.

ಆಗಲಿ, ಗೊತ್ತಿಲ್ಲದವರು ಕೇಳಿದರೆ ನನಗೆ ಬೇಜಾರಿಲ್ಲ. ಆದರೆ ಇವರು ಯಾರು ಅಂತೀರಿ? ಔಟರ್ ರಿಂಗ್ ರೋಡಿನ ಗಾಜಿನ ಕಟ್ಟಡಗಳಲ್ಲಿ ಕೂತಿರುವ ಸಾಫ್ಟ್‌ವೇರ್ ಮಂದಿ. ಒಬ್ಬ ಟೆಸ್ಟಿಂಗ್ ಲೀಡ್. ಲಾಗ್ ಇಲ್ಲದ ಟಿಕೆಟ್ (ತೊಂದರೆಯ ದೂರು) ಬಂದರೆ ಓದುವುದೂ ಇಲ್ಲ, "ಮಾಹಿತಿ ಸಾಲದು" ಅಂತ ವಾಪಸ್ ತಳ್ಳುತ್ತಾನೆ. ಅದನ್ನು ಬಿಯರ್ ಕುಡಿಯುವಾಗ ದೊಡ್ಡ ಸಾಧನೆ ಅನ್ನೋ ಹಾಗೆ ಹೇಳಿಕೊಳ್ಳುತ್ತಾನೆ. ಅದೇ ಮನುಷ್ಯ ಮನೆಗೆ ಬಂದು ನನಗೆ "ಮಗಾ, ವರ್ಕ್ ಆಗ್ತಿಲ್ಲ" ಅಂತ ಕಳಿಸುತ್ತಾನೆ. ಲಿಫ್ಟಿನಲ್ಲಿ ಕೆಳಗೆ ಇಳಿಯುವಾಗ ಬುದ್ಧಿಯನ್ನು ಮೇಲೇ ಬಿಟ್ಟು ಬರುತ್ತಾರಾ ಇವರು?

ಲಾಗ್ ಎಲ್ಲಿದೆ ಅಂತ ಹುಡುಕಬೇಕಾಗಿಯೂ ಇಲ್ಲ ಸ್ವಾಮಿ. ಆಟದ ಫೋಲ್ಡರಿನಲ್ಲೇ ಎಫ್‌ಎಫ್‌ಎನ್‌ಎಕ್ಸ್ ಡಾಟ್ ಲಾಗ್ ಅಂತ ಕಣ್ಣಿಗೆ ರಾಚುವ ಹಾಗೆ ಬಿದ್ದಿರುತ್ತದೆ. ಯಾವ ವರ್ಷನ್, ಯಾವ ಗ್ರಾಫಿಕ್ಸ್ ಕಾರ್ಡ್, ಎಲ್ಲಿ ಎಡವಿತು, ಬಹುಪಾಲು ಅದರಲ್ಲೇ ಇರುತ್ತದೆ. ಒಂದೇ ಒಂದು ಸೂಕ್ಷ್ಮ ಇದೆ. ಆಟ ಮತ್ತೆ ಶುರು ಮಾಡಿದರೆ ಹಳೆಯ ಲಾಗ್ ಅಳಿಸಿಹೋಗಿ ಹೊಸದು ಬರುತ್ತದೆ. ಅದಕ್ಕೇ ಆಟ ಬಿದ್ದ ತಕ್ಷಣ ಬೇರೇನೂ ಮುಟ್ಟಬೇಡಿ, ಮೊದಲು ಅದನ್ನು ಕಾಪಿ ಮಾಡಿ ಅಂತ ಬಾಯಿ ನೋಯುವಷ್ಟು ಹೇಳಿದ್ದೇನೆ. ಇವರು ಏನು ಮಾಡುತ್ತಾರೆ? ಸಿಟ್ಟಿನಲ್ಲಿ ಮತ್ತೆ ಮತ್ತೆ ಓಪನ್ ಮಾಡುತ್ತಾರೆ. ಆಮೇಲೆ ಕಂಪ್ಯೂಟರ್ ರೀಸ್ಟಾರ್ಟ್. ಆಮೇಲೆ ಯಾರೋ ಹೇಳಿದರು ಅಂತ ಡ್ರೈವರ್ ಡಿಲೀಟ್ ಮಾಡಿ ಮತ್ತೆ ಹಾಕುತ್ತಾರೆ. ಅಷ್ಟೆಲ್ಲ ಆದ ಮೇಲೆ ಮಾರನೇ ದಿನ, ನಾನು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಿರುವಾಗ, ಫೋನ್ ಮಾಡಿ "ಈಗ ಏನು ಮಾಡಲಿ?"

ಇನ್ನೊಬ್ಬರು ನಮ್ಮ ಆಫೀಸಿನ ಹಿರಿಯರು. ಸರ್ ಅಂತಲೇ ಕರೆಯುತ್ತೇನೆ, ಮರ್ಯಾದೆಗೆ ಕಮ್ಮಿ ಮಾಡಿಲ್ಲ. ಸಿಕ್ಕ ಸಿಕ್ಕ ದೊಡ್ಡ ಟೆಕ್ಸ್ಚರ್ (ವಸ್ತುಗಳ ಮೇಲ್ಮೈ ಚಿತ್ರ) ಮಾಡ್‌ಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿದ್ದಾರೆ. ಆಟ ಅರ್ಧ ಗಂಟೆ ಓಡಿ ಕವುಚಿಕೊಳ್ಳುತ್ತದೆ. "ಸರ್, ಇದು 32 ಬಿಟ್ ಪ್ರೋಗ್ರಾಂ. ಎಷ್ಟೇ ಎಳೆದರೂ 4 ಜಿಬಿ ಮೇಲೆ ಮೆಮೊರಿ ಮುಟ್ಟಕ್ಕಾಗಲ್ಲ. ಸ್ವಲ್ಪ ಕಮ್ಮಿ ಮಾಡಿ" ಅಂದೆ. "ನನ್ನ ಮಷೀನಲ್ಲಿ 32 ಜಿಬಿ ರ್‍ಯಾಮ್ ಇದೆ ಕಣಯ್ಯಾ, ನಿನ್ನ ಡ್ರೈವರ್ರೇ ಸರಿ ಇಲ್ಲ" ಅಂದರು. ನನ್ನ ಡ್ರೈವರ್ ಅಂತೆ! ಪುಟ್ಟ ಸೈಟಿನಲ್ಲಿ ಐದು ಮಹಡಿ ಏರಿಸಿ ಅದು ವಾಲಿದರೆ ಮಣ್ಣಿಗೆ ಬೈಯುವವರ ಹಾಗಿದೆ ಇದು. ಅಂದಹಾಗೆ ಇದೇ ಸರ್ ಕಾಲೇಜು ಹುಡುಗರಿಗೆ ಆಪರೇಟಿಂಗ್ ಸಿಸ್ಟಮ್ ಬಗ್ಗೆ ಗೆಸ್ಟ್ ಲೆಕ್ಚರ್ ಕೊಟ್ಟು ಬರುತ್ತಾರೆ.

ಕಪ್ಪು ಪಟ್ಟಿಯ ಗೋಳು ಬೇರೆ. "ಎರಡೂ ಕಡೆ ಯಾಕೆ ಕಪ್ಪಗಿದೆ, ವೈಡ್‌ಸ್ಕ್ರೀನ್ ಮಾಡಿಕೊಡು." ಅಪ್ಪಾ, ಆ ಆಟದ ಊರು, ಬೀದಿ, ಮನೆಗಳೆಲ್ಲ ಮೊದಲೇ ಕಂಪ್ಯೂಟರಿನಲ್ಲಿ ತಯಾರಿಸಿಟ್ಟ ಚಿತ್ರಗಳು. ಆಗಿನ ಡಬ್ಬ ಟಿವಿ, ಮಾನಿಟರುಗಳ 4:3 ಅಳತೆಗೆ ಮಾಡಿದ್ದು. ಡ್ರೈವರ್ ತೆರೆಯನ್ನು ಅಗಲ ಮಾಡಬಹುದು, ಅಲ್ಲಿ ಯಾರೂ ಚಿತ್ರವೇ ಬರೆದಿಲ್ಲದಿದ್ದರೆ ಏನು ತೋರಿಸುತ್ತದೆ? ಯಾರಾದರೂ ಪುಣ್ಯಾತ್ಮರು ಕೂತು ಅಕ್ಕಪಕ್ಕದ ಚಿತ್ರ ಬರೆದು ಮಾಡ್ ಮಾಡಿದ್ದರೆ ಅದನ್ನು ಹಾಕಿಕೊಳ್ಳಬೇಕು. ಇದನ್ನು ವಿವರಿಸಿ ಟೈಪ್ ಮಾಡಿದರೆ ಬಂದ ಉತ್ತರ ಒಂದು ಹೆಬ್ಬೆರಳು. ಎರಡು ದಿನ ಬಿಟ್ಟು ಅದೇ ಪ್ರಶ್ನೆ.

ಎಂಟನೆಯ ಆಟದ ಕತೆ ಕೇಳಿ. 2019ರಲ್ಲಿ ಅದರ ರೀಮಾಸ್ಟರ್, ಅಂದರೆ ಹೊಸದಾಗಿ ತಿದ್ದಿದ ಆವೃತ್ತಿ, ಬಂತು. ಎಫ್‌ಎಫ್‌ಎನ್‌ಎಕ್ಸ್ ಅದಕ್ಕೆ ಆಗುವುದಿಲ್ಲ, 2000ದ ಪಿಸಿ ವರ್ಷನ್ ಅಥವಾ 2013ರ ಸ್ಟೀಮ್ ವರ್ಷನ್ನೇ ಬೇಕು. "ಹಳೇದನ್ನೇ ತಗೋ ಮಗಾ" ಅಂತ ಗುಂಪಿನ ಒಬ್ಬನಿಗೆ ಸ್ಪಷ್ಟವಾಗಿ ಬರೆದಿದ್ದೆ. ಹೊಸದು ಅಂದರೆ ಜಾಸ್ತಿ ಒಳ್ಳೆಯದು ಅಂತ ರೀಮಾಸ್ಟರ್ ತಗೊಂಡ. ಈಗ ಗ್ರೂಪಿನಲ್ಲಿ ಎಲ್ಲರೆದುರು "ಇವನ ಮಾತು ಕೇಳಿ ದುಡ್ಡು ಹಾಳಾಯ್ತು" ಅಂತ ಹಾಕಿದ್ದಾನೆ. ಹೌದಪ್ಪಾ, ಕೇಳಿದ್ದರೆ ಹಾಳಾಗುತ್ತಿರಲಿಲ್ಲ.

ದುಡ್ಡು ಅಂದಾಗ ನೆನಪಾಯಿತು. ನನಗೆ ಮೈ ಉರಿಯುವುದು ಇಲ್ಲಿ. ಹಾರ್ಡ್ ಡಿಸ್ಕ್ ಕೊಟ್ಟರೆ ಆಟ ತುಂಬಿಸಿಕೊಡುವ ಒಬ್ಬ ಇದ್ದಾನೆ. ಕದ್ದ ಆಟ, ಅದರ ಜೊತೆ ಈ ಡ್ರೈವರ್, ಯಾವುದೋ ಕಾಲದ ವರ್ಷನ್, ಮೇಲೆ ನಾಲ್ಕಾರು ಮಾಡ್. ಮಾಡಿದವರ ಹೆಸರಿಲ್ಲ, ಲೈಸೆನ್ಸ್ ಫೈಲ್ ಕಿತ್ತು ಹಾಕಿದ್ದಾನೆ. "ಎಚ್‌ಡಿ ಎಡಿಷನ್" ಅಂತ ಹೆಸರಿಟ್ಟು ಐನೂರು ರೂಪಾಯಿ ತಗೊಳ್ಳುತ್ತಾನೆ. ಅದು ಓಡದಿದ್ದರೆ ತಗೊಂಡವರು ಅವನ ಹತ್ತಿರ ಹೋಗುವುದಿಲ್ಲ. ಅವನು ಫೋನ್ ಎತ್ತುವುದಿಲ್ಲವಲ್ಲ! ನನ್ನ ಹತ್ತಿರ ಬರುತ್ತಾರೆ. ಇಲ್ಲವೇ ಡ್ರೈವರ್ ಬರೆದವರ ಗಿಟ್‌ಹಬ್ (ಕೋಡ್ ಇಡುವ ತಾಣ) ಪುಟಕ್ಕೆ ಹೋಗಿ "ಕೆಟ್ಟ ಸಾಫ್ಟ್‌ವೇರ್" ಅಂತ ಬರೆದು ಬರುತ್ತಾರೆ. ಕಳ್ಳ ಮಾಲಿಗೆ ಐನೂರು ಕೊಡಲಿಕ್ಕೆ ಆಗುತ್ತದೆ. ಸ್ಟೀಮ್ ಸೇಲಿನಲ್ಲಿ ನ್ಯಾಯವಾಗಿ ತಗೊಳ್ಳಲಿಕ್ಕೆ ಕೈ ಬರುವುದಿಲ್ಲ. ಮೊದಲೆಲ್ಲ ಮೆಜೆಸ್ಟಿಕ್ ಕಡೆ ನ್ಯಾಷನಲ್ ಮಾರ್ಕೆಟ್‌ಗೆ ಹೋಗಿ ಕಳ್ಳ ಸಿಡಿ ತರುತ್ತಿದ್ದರು. ಆಗ ಸಂಬಳವೂ ಇರಲಿಲ್ಲ, ಬೇರೆ ದಾರಿಯೂ ಇರಲಿಲ್ಲ ಅನ್ನಬಹುದು. ಈಗ ಇವರ ಒಂದು ವಾರದ ಕಾಫಿ ಬಿಲ್ಲು ಅದಕ್ಕಿಂತ ಜಾಸ್ತಿ.

ನನ್ನ ಅಕ್ಕನ ಮಗ ಹಾಸನದಲ್ಲಿ ಪಿಯುಸಿ ಓದುತ್ತಿದ್ದಾನೆ. ಅವನಿಗೂ ತೊಂದರೆ ಆಯಿತು, ಆಟ ಜಗ್ಗಿ ಜಗ್ಗಿ ಓಡುತ್ತಿತ್ತು. "ಮಾಮ, ಲಾಗ್ ಹಾಕಿದ್ದೀನಿ, ಊಟ ಆದ್ಮೇಲೆ ನೋಡಿ" ಅಂತ ಕಳಿಸಿದ. ಯಾವ ಮಾಡ್ ಹಾಕಿದ್ದಾನೆ ಅಂತಲೂ ಬರೆದಿದ್ದ. ತೆರೆದು ನೋಡಿದೆ. ಲ್ಯಾಪ್‌ಟಾಪಿನಲ್ಲಿ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದರೂ ಆಟ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಮೇಲೆ ಓಡುತ್ತಿದೆ. ವಿಂಡೋಸ್ ಸೆಟ್ಟಿಂಗ್ಸಿನಲ್ಲಿ ಬದಲಿಸು ಅಂದೆ, ಬದಲಿಸಿದ, ಮುಗಿಯಿತು. ಹದಿನೇಳು ವರ್ಷದ ಹುಡುಗ. ಇವನಿಗೆ ಬರುವುದು ನಿಮಗೆ ಯಾಕೆ ಬರುವುದಿಲ್ಲ?

ಬರುತ್ತದೆ. ನನಗೆ ಗೊತ್ತು. ಆಫೀಸಿನಲ್ಲಿ ದಿನಾ ಅದನ್ನೇ ಮಾಡುತ್ತೀರಿ. ಪುಕ್ಕಟೆ ಸಿಕ್ಕಿದ್ದಕ್ಕೆ ಅಷ್ಟು ಯಾಕೆ ಮೈ ಬಗ್ಗಿಸಬೇಕು ಅಂತ ಅಷ್ಟೇ. ನಿಮ್ಮ ಕಂಪನಿಗಳ ಸರ್ವರಿನಲ್ಲಿ ಲಿನಕ್ಸ್ ಅನ್ನುವ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಓಡುತ್ತದೆ, ಅದರ ಮೇಲೆ ಇನ್ನೂ ಎಷ್ಟೋ ಓಪನ್ ಸೋರ್ಸ್. ಯಾರೋ ಪುಣ್ಯಾತ್ಮರು ಬರೆದಿಟ್ಟಿದ್ದರ ಮೇಲೆ ನಿಂತು ಈ ಊರಿನಲ್ಲಿ ಮನೆ ಕೊಂಡಿದ್ದೀರಿ. ಅಂಥವರಿಗೆ ನೀವು ವಾಪಸ್ ಕೊಡುವುದು "ಯಾವಾಗ ಸರಿ ಮಾಡ್ತಾರಂತೆ?" ಅನ್ನೋ ಪ್ರಶ್ನೆ. ಅದನ್ನೂ ಅವರಿಗೆ ಕೇಳುವುದಿಲ್ಲ, ನನಗೆ ಕೇಳುತ್ತೀರಿ.

ಆದ್ದರಿಂದ ಹೇಳುತ್ತಿದ್ದೇನೆ, ಕೋಪ ಮಾಡಿಕೊಂಡರೆ ಮಾಡಿಕೊಳ್ಳಿ. ಗ್ರೂಪಿನಲ್ಲಿ ಲಾಗ್ ಇಲ್ಲದೆ ಬಂದ ಮೆಸೇಜಿಗೆ ಉತ್ತರ ಇಲ್ಲ. ಫೋಟೋಗೆ ಉತ್ತರ ಇಲ್ಲ. ವಾಯ್ಸ್ ನೋಟ್ ನಾನು ಕೇಳುವುದೂ ಇಲ್ಲ. ಕದ್ದ ಆಟಕ್ಕೆ ಆ ಐನೂರು ರೂಪಾಯಿಯವನನ್ನೇ ಹಿಡಿಯಿರಿ. ಟೆಸ್ಟಿಂಗ್ ಲೀಡ್ ಸಾಹೇಬರು ಮೊನ್ನೆ ಕಳಿಸಿದ್ದಕ್ಕೆ ಈಗ ತಾನೇ ಉತ್ತರ ಹಾಕಿದ್ದೇನೆ. "ಮಾಹಿತಿ ಸಾಲದು" ಅಂತ.